ತುಂಬಿಸಿ ಕೊಟ್ಟ ಬಟ್ಟಲು

ಮಾರ್ಚ್ 2, ಗುರುವಾರ

ಬೆಳಿಗ್ಗೆಯಿಂದ ದೂಳು. ಕಣ್ಣಲ್ಲಿ ದೂಳು, ಹಲ್ಲಲ್ಲಿ ದೂಳು, ಕೋಟೆ ಬಾಗಿಲ ಬೀಗದ ತೂತಿನಲ್ಲೂ ದೂಳು. ಬೀಗದ ಕೈಗೆ ಎಂಜಲು ಹಚ್ಚಿ ತಿರುಗಿಸಬೇಕಾಯಿತು. ಪ್ರವಾಸಿಗರ ಮೂರು ವ್ಯಾನು ಬಂದವು. ಒಂದೊಂದೂ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಇಪ್ಪತ್ತು ನಿಮಿಷ! ನಾಲ್ಕು ಗೋಡೆ, ಒಂದು ಅಂಗಳ, ಮುರುಕು ಮೆಟ್ಟಿಲು ನೋಡಲು ಐದು ನಿಮಿಷ ಸಾಲದೆ? ಇದನ್ನು ಕಟ್ಟಿಸಿದ ಖಲೀಫನ ಮಗನೇ ಇಲ್ಲಿ ಇಷ್ಟು ಹೊತ್ತು ಕೂತಿರಲಿಕ್ಕಿಲ್ಲ.

ಈ ಮರುಭೂಮಿಯ ಹೆಸರುವಾಸಿ ಕೋಟೆಗಳೆಲ್ಲ ಮುಂದೆ ಇವೆ. ಖರಾನಾ, ಅಮ್ರಾ, ಅಜ್ರಖ್. ನಮ್ಮ ರುಜೈಮ್ ಕೋಟೆ ಅವಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮ್ಮನೆ ಎದುರಾಗುತ್ತದೆ. ಇಳಿದವರಲ್ಲಿ ಅರ್ಧ ಜನ ಮೊದಲು ಕೇಳುವುದು ಶೌಚಾಲಯ ಎಲ್ಲಿದೆ ಎಂದು. ಮಿಕ್ಕವರಿಗೆ ಮೇಲಿನ ಗೋಡೆಯ ಸೀಳುಗಳನ್ನು ಕೆಳಗಿನಿಂದಲೇ ತೋರಿಸಿ, ಬಾಣ ಬಿಡುವ ಕಿಂಡಿ ಎನ್ನುತ್ತೇನೆ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ, ನನ್ನಪ್ಪ ಕಾವಲಿದ್ದಾಗ ಅವನೂ ಅದನ್ನೇ ಹೇಳುತ್ತಿದ್ದ. ಮೆಟ್ಟಿಲು ಹತ್ತುವುದು ನನ್ನಿಂದಾಗದು, ಎರಡು ಮಂಡಿಯೂ ಕೈಕೊಟ್ಟಿವೆ. ಶುಕ್ರವಾರ, ಶನಿವಾರ ಶಾಲೆಗೆ ರಜೆ. ಆ ದಿನಗಳಲ್ಲಿ ನನ್ನ ಟೀಚರ್ ಮಗಳು ಘಾಲಿಯಾ ಬಂದು ಜನರನ್ನು ಮೇಲೆ ಕರೆದೊಯ್ಯುತ್ತಾಳೆ.

ಇದನ್ನೆಲ್ಲ ಹಳೆಯ ಸಂದರ್ಶಕರ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಘಾಲಿಯಾಳ ತಾಯಿ ಇದ್ದಾಗ ಸಂಜೆ ಅವಳ ಮುಂದೆ ಗೊಣಗುತ್ತಿದ್ದೆ. ಅವಳು ತೀರಿಕೊಂಡು ಎರಡು ಚಳಿಗಾಲ ಕಳೆಯಿತು. ಮಗಳ ಮುಂದೆ ಗೊಣಗಿದರೆ ಎದುರುತ್ತರ ಬರುತ್ತದೆ. ಪುಸ್ತಕ ಎದುರುತ್ತರ ಕೊಡುವುದಿಲ್ಲ.

ಪಕ್ಕದ ಮನೆಯ ಫಿದ್ದಾ ಅಕ್ಕ ಮಧ್ಯಾಹ್ನ ಬಂದು ಹೇಳಿ ಹೋದಳು: "ನಾಳೆ ನಮಾಜ್ ಆದ್ಮೇಲೆ ಅಜ್ರಖ್‌ನಿಂದ ಹಾಜಿ ತರಾದ್ ಬರ್ತಾರಂತೆ. ಮೊಮ್ಮಗ ಜಾಸಿರ್‌ಗೆ ನಮ್ಮ ಘಾಲಿಯಾನ ಕೇಳೋ ಇರಾದೆ. ಗಡ್ಡ ಬಾಚ್ಕೋ. ಕಾಫಿ ಹದವಾಗಿ ಹುರಿ, ಇದ್ದಿಲು ಮಾಡ್ಬೇಡ."

ಜಾಸಿರ್ ಎಂದರೆ ಆ ಬಿಳಿ ವ್ಯಾನು ಓಡಿಸುವವನು. ಶನಿವಾರ ಶನಿವಾರ ಪ್ರವಾಸಿಗರನ್ನು ಕರೆತರುತ್ತಾನೆ. ಅವನ ವ್ಯಾನು ಇಪ್ಪತ್ತಲ್ಲ, ಮೂವತ್ತು ನಿಮಿಷ ಏಕೆ ನಿಲ್ಲುತ್ತಿತ್ತು ಎಂದು ಈಗ ಗೊತ್ತಾಯಿತು.

ಮಾರ್ಚ್ 3, ಶುಕ್ರವಾರ

ಕೈ ಜಾರಿತು.

ಬೆಳಿಗ್ಗೆಯಿಂದ ರಾಜಧಾನಿ ಅಮ್ಮಾನ್‌ನವರ ಪಿಕ್‌ನಿಕ್ ಗಲಾಟೆ. ಕೋಟೆಯ ಗೋಡೆಗೇ ಒಲೆ ಹೂಡಿ ಮಾಂಸ ಸುಡುತ್ತಿದ್ದರು, ಓಡಿಸಿ ಓಡಿಸಿ ಗಂಟಲು ಕಟ್ಟಿತು. ಆಮೇಲೆ ಹಾಜಿ ತರಾದ್, ಅವರ ಮಗ, ಜಾಸಿರ್ ಮೂವರೂ ಬಂದರು. ಅತಿಥಿಗಳಿಗೆಂದು ಕೋಟೆಯ ಪಕ್ಕ ಹಾಕಿದ ಗುಡಾರದಲ್ಲಿ ಕೂರಿಸಿದೆ. ಎಡಗೈಯಲ್ಲಿ ಕಾಫಿ ಹೂಜಿ, ಬಲಗೈಯಲ್ಲಿ ಬಟ್ಟಲು ಹಿಡಿದು ಮೊದಲು ಹಾಜಿಗೆ ಸುರಿದೆ. ಸುರಿದದ್ದು ಬಟ್ಟಲಿನ ಕಂಠದವರೆಗೆ ಬಂತು.

ಐದು ವರ್ಷದ ಮಗುವಿಗೂ ಗೊತ್ತು. ಅತಿಥಿಗೆ ಮೂರನೇ ಒಂದು ಬಟ್ಟಲು ಸುರಿಯಬೇಕು. ಅವನು ಕುಡಿದು ಚಾಚಿದರೆ ಮತ್ತೆ ಸುರಿಯಬೇಕು, ಸಾಕಾದಾಗ ಬಟ್ಟಲನ್ನು ಅಲ್ಲಾಡಿಸುತ್ತಾನೆ. ತುಂಬಿಸಿ ಕೊಟ್ಟರೆ, ಇದನ್ನು ಕುಡಿದು ಎದ್ದು ಹೋಗು, ಇನ್ನು ಸಿಗುವುದಿಲ್ಲ ಎಂದರ್ಥ. ನನ್ನಪ್ಪ ಜೀವಮಾನದಲ್ಲಿ ಒಬ್ಬನಿಗೆ ಮಾತ್ರ ಹಾಗೆ ಸುರಿದಿದ್ದ, ಅವನು ನಮ್ಮ ಕುರಿ ಕದ್ದವನು.

ಹಾಜಿ ಬಟ್ಟಲು ನೋಡಿದರು. ನನ್ನನ್ನು ನೋಡಿದರು. ಬಟ್ಟಲನ್ನು ಚಾಪೆಯ ಮೇಲಿಟ್ಟು, "ನಿನ್ನ ಕಾಫಿ ಕುಡಿದ ಹಾಗಾಯ್ತು, ಅಬೂ ಘಾಲಿಯಾ" ಎಂದು ಎದ್ದರು. ಗಂಡುಮಕ್ಕಳಿಲ್ಲದ ನನ್ನನ್ನು ಎಲ್ಲರೂ ಮಗಳ ಹೆಸರು ಹಿಡಿದೇ ಕರೆಯುತ್ತಾರೆ, ಘಾಲಿಯಾಳ ಅಪ್ಪ ಎಂದು. ಇವತ್ತು ಅದು ಬೈಗುಳದ ಹಾಗೆ ಕೇಳಿಸಿತು. ವ್ಯಾನು ಹೋಯಿತು.

ಆಯಾಸ. ದೂಳು. ಕೈ ಜಾರಿತು, ಅಷ್ಟೇ.

ಮಾರ್ಚ್ 4, ಶನಿವಾರ

ಜಾಸಿರನ ವ್ಯಾನು ನಿಲ್ಲಲಿಲ್ಲ. ಹೆದ್ದಾರಿಯಲ್ಲಿ ಸೀದಾ ಹೋಯಿತು, ಹಾರ್ನ್ ಕೂಡ ಹೊಡೆಯಲಿಲ್ಲ. ಘಾಲಿಯಾ ಮೇಲಿನ ಮಹಡಿಯಲ್ಲಿ ನಿಂತಿದ್ದಳು. ಅವಳು ನೋಡಿದಳೋ ಇಲ್ಲವೋ ತಿಳಿಯದು.

ಫಿದ್ದಾ ಅಕ್ಕ ಬಂದು ಎದುರಿಗೆ ಕೂತಳು. ಕೂತದ್ದು ಬೈಯುವುದಕ್ಕೇ.

"ಲೋ ಫವ್ವಾಜ್, ನಲವತ್ತು ವರ್ಷದಿಂದ ಕಾಫಿ ಸುರೀತಿದ್ದೀಯ. ಮದುವೆ ಮನೇಲಿ ಸುರಿದೆ, ಸಾವಿನ ಮನೇಲಿ ಸುರಿದೆ, ಮಂತ್ರಿ ಬಂದಾಗ ಸುರಿದೆ. ಆಗೆಲ್ಲ ಜಾರದ ಕೈ ಈಗ ಜಾರ್ತಾ?"

"ವಯಸ್ಸಾಯ್ತಕ್ಕ."

"ನಂಗೆ ನಿನಗಿಂತ ಒಂಬತ್ತು ವರ್ಷ ಜಾಸ್ತಿ. ನನ್ನ ಕೈ ಜಾರಿ ನಿನ್ನ ಕೆನ್ನೆ ಮೇಲೆ ಬೀಳಬಾರ್ದು, ನೋಡ್ಕೋ."

ನಗು ಬಂತು. ಅಕ್ಕ ನಗಲಿಲ್ಲ. "ಹೋಗಿ ಅವರ ಮನೇಲಿ ಕೂತು ತಪ್ಪಾಯ್ತು ಅನ್ನು. ದಿನ ಕಳೆದಷ್ಟೂ ಗಾಯ ಕೊಳೆಯುತ್ತೆ" ಎಂದಳು. ಬೇಕಿದ್ದರೆ ಅವರೇ ಬರುತ್ತಾರೆ ಎಂದೆ. ಅವಮಾನವಾದವನು ಮತ್ತೆ ಬರುತ್ತಾನೆಯೇ ಎಂದು ಕೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮಾರ್ಚ್ 8, ಬುಧವಾರ

ದೂಳು. ಯಾರೂ ಬರಲಿಲ್ಲ. ಮಗಳು ಅಡುಗೆ ಮಾಡಿಟ್ಟು ಶಾಲೆಗೆ ಹೋಗುತ್ತಾಳೆ, ಬಂದು ಪರೀಕ್ಷೆ ಪೇಪರು ತಿದ್ದುತ್ತಾಳೆ. ಮಾತಿಲ್ಲ. ಬೇಳೆಸಾರಿಗೆ ಉಪ್ಪು ಜಾಸ್ತಿ. ಹೇಳಲಿಲ್ಲ.

ಮಾರ್ಚ್ 11, ಶನಿವಾರ

ಇವತ್ತು ಇನ್ನೊಂದು ಪೆಟ್ಟು.

ಒಂದು ವ್ಯಾನು ತುಂಬ ಪೋಲೆಂಡಿನವರು. ಘಾಲಿಯಾ ಅವರನ್ನು ಮೇಲೆ ಕರೆದೊಯ್ದಿದ್ದಳು. ನಾನು ಅಂಗಳದಲ್ಲಿ ಕೂತಿದ್ದೆ. ಅವಳು ಗೋಡೆಯ ಸೀಳಿನತ್ತ ಒಬ್ಬ ಮುದುಕಿಯ ಕೈ ಎತ್ತಿ ಹಿಡಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಎಲ್ಲರೂ ಹೋ ಎಂದರು. ಅವರು ಹೋದ ಮೇಲೆ ಏನು ಹೇಳಿದೆ ಎಂದು ಕೇಳಿದೆ.

"ಗಾಳಿ ಕಿಂಡಿ ಅಂದೆ."

"ಬಾಣದ ಕಿಂಡಿ ಅದು."

"ಅಪ್ಪಾ, ಅಷ್ಟು ಎತ್ತರದಲ್ಲಿ ನಿಂತು ಯಾರು ಬಾಣ ಬಿಡ್ತಾರೆ? ಏಣಿ ಹಾಕ್ಕೊಂಡಾ? ಇದು ಯುದ್ಧದ ಕೋಟೆಯಲ್ಲ. ರಾಜರ ಮಕ್ಕಳು ಬಂದು ನಮ್ಮಂಥ ಬಯಲಿನ ಜನಾನ ಕರೆಸಿ, ಊಟ ಹಾಕಿ, ಮಾತಾಡ್ತಿದ್ದ ಜಾಗ ಅಂತ ಓದಿದೋರು ಹೇಳ್ತಾರೆ. ಇದು ಅತಿಥಿಗಳಿಗೆ ಕಟ್ಟಿದ ಮನೆ."

"ನಮ್ಮಪ್ಪ ಸುಳ್ಳು ಹೇಳ್ತಿದ್ನಾ ಹಾಗಾದ್ರೆ?"

"ತಾತ ಮೇಲೆ ಹತ್ತಿ ನೋಡಿರ್ಲಿಲ್ಲ. ನೀನೂ ಹತ್ತಿ ನೋಡಿಲ್ಲ."

ಅಷ್ಟಕ್ಕೇ ಬಿಡಬೇಕಿತ್ತು. ನಾನು ಸುಮ್ಮನಿರದೆ, ಎಂಟು ದಿನದಿಂದ ಮೂತಿ ಊದಿಸಿಕೊಂಡಿದ್ದೀಯಲ್ಲ, ಕೈ ಜಾರಿದ್ದಕ್ಕೆ ಇಷ್ಟು ಶಿಕ್ಷೆಯೇ ಎಂದೆ. ಅವಳು ಬಟ್ಟಲುಗಳನ್ನು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೈ ಜಾರಿದ್ರೆ ಹೊರಗೆ ಚೆಲ್ಲುತ್ತೆ ಅಪ್ಪಾ. ಅವತ್ತು ಚಾಪೆ ಎತ್ತಿದ್ದು ನಾನೇ. ಒಂದು ಹನಿನೂ ಚೆಲ್ಲಿರ್ಲಿಲ್ಲ."

ಬೀಗ ಹಾಕಲು ಎದ್ದು ಹೋದೆ. ಬೀಗ ಹಾಕುವ ಹೊತ್ತಾಗಿರಲಿಲ್ಲ.

ಮಾರ್ಚ್ 15, ಬುಧವಾರ

ಸುಸ್ತು. ಬರೆಯಲೂ ಬೇಸರ.

ಅಕ್ಕ ಹೊಸ ಉಪಾಯ ತಂದಿದ್ದಾಳೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ಬಟ್ಟಲಿನ ಅಂಚು ಕಾಣಲಿಲ್ಲ ಎಂದು ಹೇಳಿಬಿಡುವುದು. ಜಾಸಿರ್ ಕೂಡ ತನ್ನ ತಾತನ ಮುಂದೆ ಹಾಗೇ ಹೇಳಿ ಇಟ್ಟಿದ್ದಾನಂತೆ. "ಹುಡುಗ ನಿನಗೋಸ್ಕರ ಸುಳ್ಳು ಹೇಳಿದ್ದಾನೆ ಕಣೋ. ಇಂಥ ಅಳಿಯ ಎಲ್ಲಿ ಸಿಗ್ತಾನೆ?" ಎಂದಳು. ಒಳ್ಳೆಯ ಹುಡುಗನೇ. ಕುಡಿಯುವುದಿಲ್ಲ, ಸೇದುತ್ತಾನೆ, ಆದರೆ ಹಿರಿಯರ ಮುಂದೆ ಸೇದುವುದಿಲ್ಲ. ವ್ಯಾನನ್ನು ಹದವಾಗಿ ಓಡಿಸುತ್ತಾನೆ. ಎಣಿಸಿ ನೋಡಿದರೆ ಒಂದು ದೋಷವೂ ಸಿಗುವುದಿಲ್ಲ. ಅದರಿಂದ ಇನ್ನೂ ಸಿಟ್ಟು ಬರುತ್ತದೆ.

ಮಾರ್ಚ್ 21, ಮಂಗಳವಾರ

ನಮ್ಮ ಕಡೆ ಇವತ್ತು ತಾಯಂದಿರ ದಿನ. ಶಾಲೆ ಮುಗಿಸಿ ಘಾಲಿಯಾ ಸ್ಮಶಾನಕ್ಕೆ ಹೋಗಿದ್ದಳು. ನಾನೂ ಹೋದೆ. ಅವಳು ತಾಯಿಯ ಗೋರಿಯ ಮೇಲಿನ ಕಸ ಆರಿಸುತ್ತಿದ್ದಳು. ನಾನು ಫಾತಿಹಾ ಪ್ರಾರ್ಥನೆ ಓದಿದೆ. ಇಬ್ಬರೂ ಕಲ್ಲಿನ ಮೇಲೆ ಕೂತೆವು.

"ಹಾಜಿ ಮನೆಯವರು ಮುವಖ್ಖರ್ ಊರಲ್ಲಿ ಬೇರೆ ಹುಡುಗಿ ನೋಡ್ತಿದ್ದಾರಂತೆ," ಎಂದಳು. "ರಂಜಾನಿಗೆ ಮುಂಚೆ ಮದುವೆ ಮಾಡ್ಬೇಕಂತೆ. ಈ ಶುಕ್ರವಾರ ಆದ್ಮೇಲೆ ಹಿರಿಯರನ್ನ ಅಲ್ಲಿಗೆ ಕಳಿಸ್ತಾರಂತೆ. ಜಾಸಿರ್ ಒಂದು ವಾರ ತಡೆದಿದ್ದಾನೆ. ಇನ್ನು ತಡೆಯೋಕೆ ಆಗಲ್ಲ ಅಂದ."

"ಯಾವಾಗ ಮಾತಾಡಿದೆ ಅವನ ಹತ್ರ?"

"ಫೋನಲ್ಲಿ. ಬೈಯೋದಿದ್ರೆ ಅಮ್ಮನ ಎದುರಿಗೇ ಬೈ."

ಬೈಯಲಿಲ್ಲ. ಅವಳ ಕೈಯಲ್ಲಿ ಒಣಗಿದ ಮುಳ್ಳುಗಳಿದ್ದವು, ಬಿಸಾಡಲೂ ಮರೆತಿದ್ದಳು.

"ನಿಂಗೆ ಬೇಡ ಅಂದ್ರೆ ಬೇಡ ಅಂತ ಬಾಯಲ್ಲಿ ಹೇಳಪ್ಪಾ. ನಾನು ಬಾವಿಗೇನೂ ಬೀಳಲ್ಲ. ಇಲ್ಲೇ ಇರ್ತೀನಿ, ಪೇಪರ್ ತಿದ್ದಿಕೊಂಡು, ಸಾರಿಗೆ ಉಪ್ಪು ಜಾಸ್ತಿ ಹಾಕ್ಕೊಂಡು. ಆದ್ರೆ ಕಾಫಿ ಹೂಜಿ ಹತ್ರ ಹೇಳಿಸ್ಬೇಡ."

ಉಪ್ಪು ಜಾಸ್ತಿಯಾದದ್ದು ಅವಳಿಗೆ ಗೊತ್ತಿತ್ತು!

ಬೇಡ ಎಂದು ಹೇಳಲು ಬಾಯಿ ತೆರೆದೆ. ಅವಳ ತಾಯಿಯ ಗೋರಿ ಮುಂದೆ ಆ ಮಾತು ಹೊರಗೆ ಬರಲಿಲ್ಲ. ಹೂಂ ಎನ್ನಲೂ ಆಗಲಿಲ್ಲ. ಗಾಳಿ ಬೀಸುತ್ತಿದೆ, ಮನೆಗೆ ಹೋಗೋಣ ಎಂದೆ.

ಮಾರ್ಚ್ 23, ಗುರುವಾರ

ನಾಡಿದ್ದು ಶನಿವಾರ ಅಜ್ರಖ್‌ಗೆ ಹೋಗುತ್ತೇನೆ. ಬಾಗಿಲು ನೋಡಿಕೊಳ್ಳಲು ಅಕ್ಕನಿಗೆ ಹೇಳಿದೆ. ಅವಳು ಕಾಲು ಚಾಚಿ ಕೂತು ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡಿದಳು. "ಶುಕ್ರವಾರ ಆದ್ಮೇಲೆ ಅಂದಿದ್ದಾರೆ, ಶನಿವಾರ ಹೊತ್ತು ಏರೋಕೆ ಮುಂಚೆ ಅಲ್ಲಿರು" ಎಂದಳು. ನನ್ನ ಪಿಕ್‌ಅಪ್‌ನ ಗೇರು ಬೀಳುವುದಿಲ್ಲ. ಹೆದ್ದಾರಿಯಲ್ಲಿ ನಿಂತರೆ ಯಾರಾದರೂ ಹತ್ತಿಸಿಕೊಳ್ಳುತ್ತಾರೆ.

ಪೊರೆಯ ಮಾತು ಹೇಳಿದರಾಯಿತು. ಚಿಕ್ಕ ಸುಳ್ಳು.

ಮಾರ್ಚ್ 25, ಶನಿವಾರ

ಹಗಲು ಇನ್ನೂ ಇದೆ, ಈಗಲೇ ಬರೆದುಬಿಡುತ್ತೇನೆ. ಮರೆಯುವ ದಿನವಲ್ಲ, ಆದರೂ.

ಹೆದ್ದಾರಿಯಲ್ಲಿ ನಿಂತ ಹತ್ತು ನಿಮಿಷಕ್ಕೆ ಬಂದದ್ದು ಆ ಬಿಳಿ ವ್ಯಾನೇ. ಅಲ್ಲಾಹನಿಗೂ ತಮಾಷೆ ಬೇಕು. ಜಾಸಿರ್ ಗಾಜು ಇಳಿಸಿದ.

"ಎಲ್ಲಿಗೆ ಚಿಕ್ಕಪ್ಪಾ?"

"ನಿಮ್ಮ ತಾತನ ಹತ್ರ."

ಅವನ ಮುಖದಲ್ಲಿ ಬಣ್ಣ ಬಂತು, ಹೋಯಿತು. "ಹತ್ತಿ. ಆದ್ರೆ ನಾನು ಜನಾನ ಕರ್ಕೊಂಡು ಹೊರಟಿದ್ದೀನಿ. ಖರಾನಾ, ಅಮ್ರಾ ಎರಡು ಕಡೆ ನಿಲ್ಲಿಸ್ಬೇಕು. ಇಪ್ಪತ್ತಿಪ್ಪತ್ತು ನಿಮಿಷ."

ಹಿಂದೆ ಒಂಬತ್ತು ಜನ ವಿದೇಶಿಯರು. ನನ್ನನ್ನು ನೋಡಿ ಫೋಟೋ ತೆಗೆದರು.

ಬದುಕಿನಲ್ಲಿ ಮೊದಲ ಸಲ ಕೋಟೆ ನೋಡಲು ಬಂದವನ ಹಾಗೆ ಒಂದು ಕೋಟೆಯ ಮುಂದೆ ಇಳಿದೆ. ಖರಾನಾದ ಕಾವಲುಗಾರ ನನ್ನ ಹಳೆಯ ಪರಿಚಯ. "ಏನಯ್ಯಾ ಅಬೂ ಘಾಲಿಯಾ, ನಿನ್ನ ಕೋಟೆ ಬಿದ್ದುಹೋಯ್ತಾ? ಟಿಕೆಟ್ ತೋರ್ಸು!" ಎಂದು ಕಿಚಾಯಿಸಿದ. ಒಳಗೆ ಹೋದೆ. ಮಂಡಿ ನೋಯುತ್ತಿದ್ದರೂ ಮೇಲೆ ಹತ್ತಿದೆ. ಅಲ್ಲಿಯೂ ಅದೇ ಸೀಳುಗಳು, ಸಾಲಾಗಿ. ಕೈ ಎತ್ತಿದರೆ ಬೆರಳ ತುದಿ ಮಾತ್ರ ತಲುಪಿತು. ಬೆರಳಿಗೆ ತಣ್ಣನೆ ಗಾಳಿ ತಾಕಿತು. ಬಾಣ ಬಿಡುವವನು ಎರಡಾಳು ಎತ್ತರ ಇರಬೇಕಿತ್ತು. ಇಪ್ಪತ್ತೆರಡು ವರ್ಷ ಎಷ್ಟು ಸಾವಿರ ಜನಕ್ಕೆ ಸುಳ್ಳು ಹೇಳಿದೆನೋ.

ಅಮ್ರಾದಲ್ಲಿ ಗೋಡೆ ತುಂಬ ಚಿತ್ರ. ಸ್ನಾನದ ಮನೆಗೆ ಇಷ್ಟು ಚಿತ್ರ ಬರೆಸಿದ್ದಾರೆ. ಒಂದು ಕರಡಿ ಕೂತು ವಾದ್ಯ ನುಡಿಸುತ್ತದೆ. ಕಲ್ಲು ಕಡಿಯುವವರು, ಕಲ್ಲು ಹೊತ್ತ ಒಂಟೆ. ಗುಮ್ಮಟದಲ್ಲಿ ನಕ್ಷತ್ರಗಳು. ಆ ಒಂಟೆಯ ಮುಂದೆ ನಿಂತೆ. ನಮ್ಮ ಅಜ್ಜಂದಿರ ಒಂಟೆಯೇ ಇರಬಹುದು. ಘಾಲಿಯಾ ಹತ್ತು ವರ್ಷದವಳಿದ್ದಾಗ ಕರಡಿ ನೋಡಬೇಕೆಂದು ಹಟ ಮಾಡಿದ್ದಳು. ಇಪ್ಪತ್ತೈದು ಕಿಲೋಮೀಟರ್ ದಾರಿ. ಕಾವಲು ಬಿಟ್ಟು ಹೇಗೆ ಬರಲಿ ಎಂದು ಅವಳ ತಾಯಿಯ ಜೊತೆ ಕಳಿಸಿದ್ದೆ. ಬಂದು ಎರಡು ದಿನ ಕರಡಿಯ ಮಾತೇ ಆಡಿದಳು. ನಾನು ಹೂಂ ಹೂಂ ಎಂದು ಬೀಗ ಒರೆಸುತ್ತಿದ್ದೆ. ಈಗ ನೋಡಿದರೆ ಆ ಕರಡಿ ನಿಜಕ್ಕೂ ಚೆನ್ನಾಗಿದೆ.

ಹೊರಗೆ ಜಾಸಿರ್ ಹಾರ್ನ್ ಹೊಡೆದ. ಇಪ್ಪತ್ತು ನಿಮಿಷ ಮುಗಿದಿತ್ತು. ನಾನಿನ್ನೂ ಅರ್ಧ ಚಿತ್ರವನ್ನೂ ನೋಡಿ ಮುಗಿಸಿರಲಿಲ್ಲ.

ಅಜ್ರಖ್‌ನಲ್ಲಿ ಜನರನ್ನು ಕೋಟೆಯ ಬಳಿ ಇಳಿಸಿ ನನ್ನನ್ನು ಮನೆಗೆ ಬಿಟ್ಟ. ಹಾಜಿ ತರಾದ್ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಅವರ ಇಬ್ಬರು ಗಂಡುಮಕ್ಕಳು. ಮುವಖ್ಖರ್‌ಗೆ ಹೊರಡಲು ಹೊಸ ಬಟ್ಟೆ ತೊಟ್ಟಿದ್ದರು.

ಹಾಜಿ ಮಗನ ಕೈಯಿಂದ ಹೂಜಿ ಇಸಿದುಕೊಂಡು ತಾವೇ ಸುರಿದರು. ಸರಿಯಾಗಿ ಮೂರನೇ ಒಂದು. ತುಂಬಿಸಿ ಸುರಿದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಆ ಮುದುಕನ ಮರ್ಯಾದೆ ನನ್ನನ್ನು ಇನ್ನೂ ಸಣ್ಣವನಾಗಿ ಮಾಡಿತು. ನಾನು ಬಟ್ಟಲನ್ನು ಚಾಪೆಯ ಮೇಲಿಟ್ಟೆ. ಹೆಣ್ಣು ಕೇಳಲು ಬಂದವರು ಹಾಗೆ ಇಡುತ್ತಾರೆ, ಕೇಳಿದ್ದು ಸಿಗುವ ತನಕ ಕುಡಿಯುವುದಿಲ್ಲ. ಹೆಣ್ಣಿನ ತಂದೆಯೇ ಗಂಡಿನ ಮನೆಯಲ್ಲಿ ಹಾಗೆ ಇಟ್ಟದ್ದನ್ನು ನಾನು ಕೇಳಿಲ್ಲ.

"ಕಣ್ಣಿಗೆ ಪೊರೆ ಬಂದಿದೆಯಂತೆ, ಹುಡುಗ ಹೇಳ್ದ," ಎಂದರು ಹಾಜಿ. "ಅವತ್ತು ದೂಳೂ ಇತ್ತು. ಆಗುತ್ತೆ, ಬಿಡು. ಕುಡಿ."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜಾಸಿರ್ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಹೂಂ ಅನ್ನಿ ಎನ್ನುತ್ತಿದ್ದ.

"ಕಣ್ಣು ಚೆನ್ನಾಗಿದೆ ಹಾಜಿ," ಎಂದೆ. "ಕೈಯೂ ಚೆನ್ನಾಗಿದೆ. ನಾನು ಬೇಕೂಂತಲೇ ತುಂಬಿಸ್ದೆ."

ಹಾಜಿಯ ದೊಡ್ಡ ಮಗ ಎದ್ದೇಬಿಟ್ಟ. ಹಾಜಿ ಕೈಯಲ್ಲಿ ಅವನನ್ನು ಕೂರಿಸಿದರು.

"ನಮ್ಮ ಮನೇಲಿ ಏನು ಕುಂದು ಕಂಡೆ?"

"ಏನೂ ಕಾಣ್ಲಿಲ್ಲ. ಅದೇ ತೊಂದರೆ. ಕುಂದಿದ್ದಿದ್ರೆ ಬಾಯಲ್ಲೇ ಬೇಡ ಅಂತಿದ್ದೆ. ಅವಳಮ್ಮ ಹೋದ್ಲು. ಇವಳೂ ಹೋದ್ರೆ ಆ ಮನೇಲಿ ನಾನು, ನನ್ನ ಹೂಜಿ, ಇಬ್ರೇ. ಹೆದರಿಕೆ ಆಯ್ತು ಹಾಜಿ. ನಿಮ್ಮನ್ನ ಎಬ್ಬಿಸಿ ಕಳಿಸಿದ್ರೆ ಅವಳು ಉಳೀತಾಳೆ ಅಂದ್ಕೊಂಡೆ. ಅವಳು ಉಳಿದ್ಲು, ಮಾತು ಹೋಯ್ತು. ನಿಮ್ಮ ಹುಡುಗ ಸುಳ್ಳು ಹೇಳಿದ್ದು ನನ್ನ ಮಾನ ಉಳಿಸೋಕೆ, ಅವನ್ನ ಬೈಬೇಡಿ."

ಇಷ್ಟು ಮಾತು ನಾನು ಯಾರ ಮುಂದೂ ಆಡಿದವನಲ್ಲ. ಗಂಟಲು ಒಣಗಿತ್ತು, ಕಾಫಿ ಎದುರಿಗಿತ್ತು, ಕುಡಿಯುವಂತಿರಲಿಲ್ಲ.

ಹಾಜಿ ಜಪಮಣಿ ತಿರುವಿದರು. ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು. ನಗು. ಕೆಮ್ಮು ಬರುವವರೆಗೆ ನಕ್ಕರು.

"ನನ್ನ ದೊಡ್ಡ ಮಗಳನ್ನ ಕೇಳೋಕೆ ಬಂದಾಗ ನಾನು ಮನೇಲೇ ಇರ್ಲಿಲ್ಲ ಕಣಯ್ಯಾ. ಒಂಟೆ ಕಳೆದುಹೋಗಿದೆ ಅಂತ ಹೇಳಿ ಮೂರು ದಿನ ಬಯಲಲ್ಲಿ ಹೋಗಿ ಕೂತಿದ್ದೆ. ಒಂಟೆ ಮನೆ ಹಿಂದೇನೇ ಕಟ್ಟಿತ್ತು. ಬಂದೋರೆಲ್ಲ ನೋಡಿದ್ರು." ಕಣ್ಣೊರೆಸಿಕೊಂಡರು. "ನೀನು ವಾಸಿ. ಕಾಫಿಯಾದ್ರೂ ಕೊಟ್ಟೆ. ಕುಡಿ, ಅಬೂ ಘಾಲಿಯಾ. ನೀನು ಕೇಳೋಕೆ ಬಂದದ್ದು ಸಿಕ್ತು."

ಕುಡಿದೆ. ಆರಿ ತಣ್ಣಗಾಗಿತ್ತು. ಮಗನಿಗೆ ಹೊಸ ಬಟ್ಟೆ ಬಿಚ್ಚಿ ಜೋಪಾನವಾಗಿಡು, ಮುಂದಿನ ತಿಂಗಳಿಗೆ ಬೇಕಾಗುತ್ತದೆ ಎಂದರು ಹಾಜಿ.

ಮಾರ್ಚ್ 26, ಭಾನುವಾರ

ಸಾರಿಗೆ ಉಪ್ಪು ಸರಿಯಾಗಿತ್ತು. ಕರಡಿ ನೋಡಿದೆ ಎಂದೆ. "ಹದಿನೇಳು ವರ್ಷ ಆದ್ಮೇಲೆ!" ಎಂದು ಘಾಲಿಯಾ ನಕ್ಕಳು, ಆಮೇಲೆ ಅತ್ತಳು, ಆಮೇಲೆ ಶಾಲೆಗೆ ಹೊತ್ತಾಯಿತೆಂದು ಓಡಿದಳು.

ಏಪ್ರಿಲ್ 7, ಶುಕ್ರವಾರ

ಗಂಡಿನ ಕಡೆಯಿಂದ ಮೂವತ್ತು ಜನ ಹಿರಿಯರು ಬಂದರು. ಗುಡಾರ ಸಾಲದೆ ಕೋಟೆಯ ಅಂಗಳದಲ್ಲೇ ಚಾಪೆ ಹಾಸಿದೆವು. ಪ್ರವಾಸಿಗರು ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಅವರನ್ನೂ ಕೂರಿಸಿದೆ. ಹಾಜಿ ತರಾದ್ ಬಟ್ಟಲನ್ನು ಕೆಳಗಿಟ್ಟು, ಕೇಳಬೇಕಾದ್ದನ್ನು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು. ಗೋಡೆಯ ಕಿಂಡಿಗಳಿಂದ ಗಾಳಿ ಬರುತ್ತಿತ್ತು.

"ಕಾಫಿ ಕುಡೀರಿ, ಹಾಜಿ," ಎಂದೆ.

ಅಷ್ಟು ಹೇಳಲು ಎಷ್ಟು ಕಷ್ಟವಾಯಿತೆಂದು ಬರೆಯುವುದಿಲ್ಲ. ಹೆಂಗಸರ ಕಡೆಯಿಂದ ಫಿದ್ದಾ ಅಕ್ಕನ ಉಲುಲು ಎಂಬ ಹರ್ಷದ ಕೂಗು ಎಲ್ಲರಿಗಿಂತ ಮೊದಲು ಕೇಳಿಸಿತು.

ಮೇ 6, ಶನಿವಾರ

ನಿನ್ನೆ ಮದುವೆ ಆಯಿತು. ಮನೆಯಲ್ಲಿ ಮದುವೆಯ ಮಾಂಸದ ಅಡುಗೆ ಮನ್ಸಫ್ ಉಳಿದಿದೆ, ಅಕ್ಕ ಎರಡು ಹೊತ್ತೂ ಬಿಸಿ ಮಾಡಿ ಕೊಡುತ್ತಾಳೆ. ತಿನ್ನಲಾಗುವುದಿಲ್ಲ. ಇವತ್ತು ನಾಲ್ಕು ವ್ಯಾನು. ಒಳ್ಳೆಯದಾಯಿತು.

ಮೇ 20, ಶನಿವಾರ

ಬೆಳಿಗ್ಗೆ ಒಂದು ವ್ಯಾನು ತುಂಬ ಇಟಲಿಯವರು. ಮಂಡಿ ಹಿಡಿದುಕೊಂಡೇ ಮೇಲೆ ಕರೆದೊಯ್ದು ಒಬ್ಬೊಬ್ಬರ ಕೈಯನ್ನೂ ಕಿಂಡಿಯತ್ತ ಎತ್ತಿ ಹಿಡಿಸಿದೆ. ಒಬ್ಬ ಬಿಲ್ಲು ಎಳೆದಂತೆ ನಟಿಸಿ ತೋರಿಸಿದ. ಅಲ್ಲ ಎಂದು ತಲೆಯಾಡಿಸಿ ಉಫ್ ಎಂದು ಊದಿ ತೋರಿಸಿದೆ. ಎಲ್ಲರೂ ಹೋ ಎಂದರು. ಅವರ ಡ್ರೈವರ್ ಹೊತ್ತಾಯಿತೆಂದು ಕೂಗಿದ. ಇರಯ್ಯಾ, ಏನು ಅವಸರ ಎಂದೆ.

ಹನ್ನೊಂದಕ್ಕೆ ಬಿಳಿ ವ್ಯಾನು ಬಂತು. ಮುಂದಿನ ಸೀಟಿನಿಂದ ಘಾಲಿಯಾ ಇಳಿದಳು. ಮದುವೆಯಾದ ಮೇಲೆ ಮೊದಲ ಸಲ. ಕೈ ತುಂಬ ಮದರಂಗಿ, ಸ್ವಲ್ಪ ಮಾಸಿದೆ. ಜಾಸಿರ್ ಜನರನ್ನು ಒಳಗೆ ಕಳಿಸುತ್ತ, "ಮಾವಾ, ಅಮ್ರಾದಲ್ಲಿ ಇನ್ನೊಂದು ಗುಂಪು ಕಾಯ್ತಿದೆ. ಇವತ್ತು ಇಪ್ಪತ್ತೇ ನಿಮಿಷ" ಎಂದ.

ಗುಡಾರದಲ್ಲಿ ಅವಳು ಅತಿಥಿಗಳು ಕೂರುವ ಜಾಗದಲ್ಲಿ ಕೂತಳು. ನನ್ನ ಪಕ್ಕ ಬಾ ಎನ್ನಬೇಕೆಂದುಕೊಂಡೆ, ಹೇಳಲಿಲ್ಲ. ಹೂಜಿ ಎತ್ತಿದೆ. ಮೂರನೇ ಒಂದು ಕೂಡ ಸುರಿಯಲಿಲ್ಲ, ಬಟ್ಟಲಿನ ತಳ ಒದ್ದೆಯಾಗುವಷ್ಟು ಸುರಿದೆ. ಅವಳು ಬಟ್ಟಲಿನೊಳಗೆ ನೋಡಿ, ನನ್ನ ಮುಖ ನೋಡಿದಳು. ಕುಡಿದು ಮತ್ತೆ ಚಾಚಿದಳು. ಮತ್ತೆ ಅಷ್ಟೇ ಸುರಿದೆ. ಮೂರು ಸಲ ಆದ ಮೇಲೆ ಅತಿಥಿ ಬಟ್ಟಲು ಅಲ್ಲಾಡಿಸಬೇಕು, ಅದು ಪದ್ಧತಿ. ಅವಳು ಅಲ್ಲಾಡಿಸಲಿಲ್ಲ. ಅತ್ತೆಯ ಮನೆಯ ಅಡುಗೆ, ಹೊಸ ಶಾಲೆಗೆ ವರ್ಗದ ಅರ್ಜಿ, ಹಾಜಿಯ ಗೊರಕೆ, ಎಲ್ಲ ಹೇಳಿದಳು. ನಾನು ಸುರಿಯುತ್ತ ಹೋದೆ.

ವ್ಯಾನಿನ ಜನ ಒಬ್ಬೊಬ್ಬರಾಗಿ ಬಂದು ಹತ್ತಿ ಕೂತರು. ಜಾಸಿರ್ ಹಾರ್ನ್ ಹೊಡೆದ. ಅವಳು ಖಾಲಿ ಬಟ್ಟಲನ್ನು ಮತ್ತೆ ಚಾಚಿದಳು. ನಾನು ಇನ್ನೂ ಒಂದಿಷ್ಟು ಸುರಿದೆ.